ತಮ್ಮಯ್ಯ ಮಾವ ಬಿಚ್ಚದ ಕಟ್ಟ

ಆ ಮೊದಲ ಮಳೆಯ ದಿನ ತೋಡಿನ, ಅಂದರೆ ತೋಟದಂಚಿನ ಸಣ್ಣ ಹಳ್ಳದ, ನೀರು ನಿಜಕ್ಕೂ ಅಷ್ಟು ಕೆಂಪಗಿತ್ತೋ, ಆಮೇಲಿನ ಜಗಳಗಳ ಸಿಟ್ಟಿನಲ್ಲಿ ನಾನೇ ಅದಕ್ಕೆ ಬಣ್ಣ ಏರಿಸಿಕೊಂಡೆನೋ, ಆಣೆ ಹಾಕಿ ಹೇಳಲಾರೆ. ಅರುವತ್ತರ ದಶಕದ ಮೊದಲ ವರ್ಷಗಳು. ಮದ್ರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದು ಪುತ್ತೂರಿನಲ್ಲಿ ಮಾಸ್ಟ್ರಾಗಿದ್ದ ನಾನು ರಜೆ ಸಿಕ್ಕಿದಾಗ ಅಜ್ಜಾವರದ ತಮ್ಮಯ್ಯ ಮಾವನ ಮನೆಗೆ ಹೋಗುತ್ತಿದ್ದೆ. ಹೋದ ಅರ್ಧ ಗಂಟೆಯೊಳಗೆ, ಯಾಕಾದರೂ ಬಂದೆನೋ ಅನಿಸುತ್ತಿತ್ತು.

ಮಾವ ಮನುಷ್ಯರೊಡನೆ ಮಾತಾಡುತ್ತಿದ್ದುದೆಲ್ಲ ಕೂಗಿಯೇ. ಮೆತ್ತಗೆ ಮಾತಾಡುತ್ತಿದ್ದುದು ಮೀನುಗಳ ಹತ್ತಿರ ಮಾತ್ರ. ಊಟವಾದ ಮೇಲೆ ಉಳಿದ ಅನ್ನವನ್ನು ಅಂಗೈಯಲ್ಲಿಟ್ಟುಕೊಂಡು ತೋಡಿನ ಗುಂಡಿಗೆ ಇಳಿಯುವರು. ಕಪ್ಪು ಬೆನ್ನಿನ ಮೀನುಗಳು ಬಂದು ಕಾಲ್ಬೆರಳು ಕಚ್ಚುವವು. “ನಿಧಾನ ತಿನ್ನಿ ಮಕ್ಕಳೇ, ಯಾರು ಓಡಿಸಿಕೊಂಡು ಬರ್ತಾರೆ?” ಎನ್ನುವರು. ಆ ಗುಂಡಿಗೆ ಬಲೆ ಹಾಕುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಗುಂಡಿಯಿಂದ ಸ್ವಲ್ಪ ಕೆಳಗೆ ಕಟ್ಟ. ಪ್ರತಿವರ್ಷ ಕೊಯ್ಲು ಮುಗಿದ ಮೇಲೆ ಅಕ್ಕಪಕ್ಕದವರೆಲ್ಲ ಸೇರಿ ಕಲ್ಲು, ಸೊಪ್ಪು, ಮಣ್ಣು ಹಾಕಿ ತೋಡಿಗೆ ಅಡ್ಡ ಕಟ್ಟುವುದು. ಬೇಸಿಗೆಯಿಡೀ ಅದರ ನೀರು ತೋಟಕ್ಕೆ. ಮಳೆ ಹಿಡಿಯುವ ಮೊದಲು ಬಿಚ್ಚುವುದು. ಆ ವರ್ಷ ಮೇಲಿನ ಗುಡ್ಡವನ್ನು ಯಾರೋ ರಬ್ಬರಿಗಾಗಿ ಬೋಳಿಸಿದ್ದರು. ಮೊದಲ ಮಳೆಗೇ ಕೆಸರು ಇಳಿಯಿತು. ಮಾವನಿಗೆ ಹಬ್ಬ.

“ತೋಟಕ್ಕೆ ಪುಕ್ಕಟೆ ಗೊಬ್ಬರ ಬರ್ತಾ ಉಂಟು! ಈಗ ಕಟ್ಟ ಬಿಚ್ಚುದು ಎಂತಕ್ಕೆ?” ಎಂದು ಮುರಕಲ್ಲು ಪೇರಿಸಿ ಅದನ್ನು ಇನ್ನಷ್ಟು ಗಟ್ಟಿ ಮಾಡಿಸಿದರು.

ನಾನು ತಲೆ ಚಚ್ಚಿಕೊಂಡೆ. ಮೊಟ್ಟೆಯಿಡಲು ಮೀನು ಹೊಸ ನೀರಿಗೆ ಎದುರಾಗಿ ಹತ್ತುವ ಕಾಲ ಇದು, ಕಟ್ಟವಿದ್ದರೆ ಹತ್ತುವುದು ಹೇಗೆ? ಗುಂಡಿಯಲ್ಲಿದ್ದವು ಬೆಣಚುಕಲ್ಲುಗಳ ಸಂದಿಯಲ್ಲಿ ಇಡುವ ಮೊಟ್ಟೆ ಕೆಸರಿನಡಿಯಲ್ಲಿ ಉಸಿರುಗಟ್ಟಿ ಸಾಯುತ್ತದೆ, ಕಿವಿರಿಗೂ ಮಣ್ಣು ಹೋಗುತ್ತದೆ ಎಂದೆ.

“ಮೀನಿಗೆ ಮಣ್ಣು ಹೊಸತಾ ಮಾರಾಯ? ನಿನ್ನ ಮದ್ರಾಸಿನ ಪುಸ್ತಕದಲ್ಲಿ ನಮ್ಮ ತೋಡು ಉಂಟಾ?”

ಇಲ್ಲ ಎಂದೆ.

“ಹಾಗಾದ್ರೆ ಊಟ ಮಾಡು.”

ಮರುವರ್ಷ ಕೆಸರು ತುಂಬಿದ ಗುಂಡಿಯ ನೀರು ಮೊಣಕಾಲಿಗೂ ಬರಲಿಲ್ಲ. ಅಳಿದುಳಿದ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅನ್ನ ಹಾಗೇ ತೇಲುತ್ತಿತ್ತು. ಮಾವ ಮಣ್ಣನ್ನು ಬಿಟ್ಟು ಪಕ್ಕದ ತೋಟದ ರಾಮಣ್ಣ ರೈಗಳನ್ನು ಹಿಡಿದರು. ರೈಗಳು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಹೊಡೆದು ಪಂಪನ್ನು ತೋಡಿನಲ್ಲೇ ತೊಳೆಯುತ್ತಿದ್ದರು.

“ನನ್ನ ಮಕ್ಕಳಿಗೆ ವಿಷ ಹಾಕಿದ್ದೀರಿ!”

“ನಿಮ್ಮ ಮಕ್ಕಳನ್ನು ಹೂತು ಹಾಕಿದ್ದು ನಿಮ್ಮ ಕಟ್ಟ, ಗೌಡ್ರೇ!”

ಮೈಲುತುತ್ತೂ ಮೀನಿಗೆ ವಿಷವೇ ಎಂದು ನಾನು ಬಾಯಿ ಹಾಕಿ ಕೆಟ್ಟೆ. “ನೋಡಿ, ಓದಿದವನೇ ಹೇಳ್ತಾನೆ!” ಎಂದು ಮಾವ ಕುಣಿದರು. ನಾನು ಹೇಳಿದ್ದರಲ್ಲಿ ಅವರಿಗೆ ಕೇಳಿಸಿದ್ದು ಆ ಒಂದು ಮಾತು. ಅಂದಿನಿಂದ ಎರಡು ಮನೆಗಳಿಗೆ ಮಾತಿಲ್ಲ. ಕಟ್ಟ ಅಲ್ಲೇ ಇತ್ತು. ನಾನೂ ಸಾಕಾಗಿ ಎರಡು ಮಳೆಗಾಲ ಅತ್ತ ಹೋಗಲಿಲ್ಲ.

ಕೊನೆಯ ಸಲ ಕಂಡಾಗ ಮಾವ ಮಂಚ ಹಿಡಿದಿದ್ದರು. ಕೂಗಲು ಉಸಿರಿರಲಿಲ್ಲ. “ಕಟ್ಟ ನಾನೇ ಬಿಚ್ಚಿದ್ದೇನೆ. ಈ ಮಳೆಗೆ ಹತ್ತುತ್ತವೆ ನೋಡು” ಎಂದರು. ನಾನು ನಂಬಲಿಲ್ಲ. ತಪ್ಪಾಯಿತು ಎಂದು ಸೂಚಿಸುವ ಒಂದು ಕೆಲಸವನ್ನೂ ಆ ಮನುಷ್ಯ ಹುಟ್ಟಿದಂದಿನಿಂದ ಮಾಡಿರಲಿಲ್ಲ. ಸುಮ್ಮನೆ ಹೂಂಗುಟ್ಟಿದ್ದು ನೆನಪು, ಇಲ್ಲ, ನಕ್ಕೆನೇನೋ.

ಅವರು ತೀರಿಕೊಂಡ ಮೇಲೆ ತೋಡಿಗೆ ಹೋದೆ. ಮುರಕಲ್ಲುಗಳು ದಡದಲ್ಲಿ ಬಿದ್ದಿದ್ದವು. ಆದರೆ ಅದು ನೆರೆನೀರಿನ ಕೆಲಸವೂ ಆಗಿರಬಹುದು. ನೀರಲ್ಲಿ ಮೀನು ಕಾಣಲಿಲ್ಲ. ನೇರ ರೈಗಳ ಮನೆಗೆ ನಡೆದು ಕೇಳಿದೆ.

“ಹೌದು ಮಾರಾಯ್ರೆ, ಅವರೇ ಬಿಚ್ಚಿದ್ದು,” ಎಂದರು ರೈಗಳು. “ಮಳೆಗೆ ಮೊದಲು ಒಂದು ದಿನ ನಮ್ಮ ಅಂಗಳಕ್ಕೆ ಬಂದ್ರು. ಮಾತಾಡ್ಲಿಲ್ಲ. ಗೋಡೆಗೆ ಒರಗಿಸಿದ್ದ ಹಾರೆಗೆ ಕೈ ತೋರಿಸಿದ್ರು. ಕೊಟ್ಟೆ.”