ಹತ್ತರಗಿಯ ಕಾರಿನ ಚಿಕ್ಕಿ

ಆಗ ನನಗೆ ಅರವತ್ತೆರಡು. ಎಂಟು ವರ್ಷದ ಹಿಂದಿನ ಮಾತು. ಮೊನ್ನೆ ಗೋಕಾಕದ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಆಟೋದ ಮೂತಿಯ ಮೇಲೆ ಅದೇ ಚಿಕ್ಕಿ ಕಂಡಿತು: ಬಳೆಯಂಥ ಉಂಗುರ, ಒಳಗೆ ಮೂರು ಕಡ್ಡಿಯ ನಕ್ಷತ್ರ. ಶ್ರೀಮಂತರ ಕಾರಿನ ಗುರುತು ಅದು. ಆಟೋದ ಸೀಟು ಹರಿದು ನಾರು ಹೊರಗೆ ಬಂದಿತ್ತು, ಚಿಕ್ಕಿ ಮಾತ್ರ ಲಕಲಕ. ನಕ್ಕುಬಿಟ್ಟೆ.

"ಯಾಕ ನಗಾಕತ್ತಿಬೇ ಆಯಿ?" ಎಂದ ಆಟೋದವನು.

"ಇದರ ಅಣ್ಣ ಒಮ್ಮೆ ನಮ್ಮ ಮನಿಗೆ ಬಂದಿದ್ದ," ಎಂದೆ.

ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಶಾಲೆಯಲ್ಲಿ ಎರಡನೆಯ ಇಯತ್ತೆವರೆಗೆ ಕಲಿತ ಅಕ್ಷರ ನನ್ನದು. ಸಾಲು ಸೊಟ್ಟಗಾದರೆ ಕುತ್ತಿಗೆ ಸೊಟ್ಟ ಮಾಡಿಕೊಂಡು ಓದಿ.

ನನ್ನ ಮೊಮ್ಮಗಳು ಗಿರಿಜಾ ಗೋಕಾಕದ ದವಾಖಾನೆಯಲ್ಲಿ ನರ್ಸ್. ಮಮದಾಪುರದಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದಳು. ಅವಳನ್ನು ನೋಡಲು ಹತ್ತರಗಿಯಿಂದ ಬಂದರು: ಗಂಡು, ಅವನ ಸೋದರಮಾವ, ಮತ್ತು ಆ ಕಾರು. ಮೂವರಲ್ಲಿ ಹೆಚ್ಚು ಮರ್ಯಾದೆ ಸಿಕ್ಕಿದ್ದು ಕಾರಿಗೆ. ನನ್ನ ಮಗ ಬಸಪ್ಪ ಗಾಲಿಗೆ ನೀರು ಹಾಕಿದ. ಸೊಸೆ ಆರತಿ ಬೆಳಗಿ ಚಿಕ್ಕಿಗೆ ವಿಭೂತಿ ಹಚ್ಚಿದಳು. ಗಂಡಿನ ಹಣೆ ಖಾಲಿ ಉಳಿದದ್ದು ಯಾರಿಗೂ ನೆನಪಾಗಲಿಲ್ಲ.

ಹಿಂದಿನ ದಿನ ಗಿರಿಜಾ ಒಲೆಯ ಮುಂದೆ ಕುಳಿತು, "ಆಯಿ, ನೌಕರಿ ಬಿಡು ಅಂದ್ರ ನಾ ಈ ಮದುವಿ ಒಲ್ಲೆ. ಆದ್ರ ಕೇಳಾಕ ಬಿಡತಾರೇನ?" ಎಂದಿದ್ದಳು. ಎಲ್ಲಿ ಬಿಡುತ್ತಾರೆ? ನಮ್ಮಲ್ಲಿ ನೋಡಲು ಬಂದವರು ಕೇಳುತ್ತಾರೆ, ಹೆಣ್ಣು ಉತ್ತರ ಹೇಳುತ್ತದೆ. ತಿರುಗಿ ಕೇಳುವ ಪದ್ಧತಿಯೇ ಇಲ್ಲ. ನಾನು ನನ್ನ ಗಂಡನ ದನಿ ಕೇಳಿದ್ದು ಮದುವೆಯಾದ ಮೇಲೆ. ಕೇಳಿದ ಮೇಲೆ, ಇನ್ನೂ ಸ್ವಲ್ಪ ತಡವಾಗಿದ್ದರೂ ನಡೆಯುತ್ತಿತ್ತು ಎನಿಸಿತು.

ಮಾವನಿಗೆ ಹೈವೇ ಬದಿಯಲ್ಲಿ ಪೆಟ್ರೋಲ್ ಬಂಕು. ಉಪ್ಪಿಟ್ಟು ತಿನ್ನುತ್ತಲೇ ಸುರುಮಾಡಿದ.

"ಈ ಚಿಕ್ಕಿ ಸುಮ್ನ ಬಂದದ್ದಲ್ರಿ. ಕಂಪನಿ ಹುಟ್ಟಿಸಿದ ಸಾಹೇಬ ಒಮ್ಮೆ ಹೆಂಡ್ತಿಗೆ ಒಂದು ಕಾರ್ಡ್ ಕಳಿಸಿದ. ಕಾರ್ಡಿನ ಮ್ಯಾಲ ಅವರಿದ್ದ ಊರಿನ ಚಿತ್ರ. ತನ್ನ ಮನಿ ಮ್ಯಾಲ ಒಂದು ಚಿಕ್ಕಿ ತಗದು, ಮುಂದ ಇದು ನಮ್ಮ ಕಾರ್ಖಾನಿ ಮ್ಯಾಲ ಹೊಳೀತೈತಿ ಅಂತ ಬರದ. ಅವ ಸತ್ತಮ್ಯಾಲ ಮಕ್ಕಳು ಅದನ್ನ ಗುರುತು ಮಾಡಿದ್ರು. ಮೂರು ಕಡ್ಡಿ ಅಂದ್ರ ನೆಲ, ನೀರು, ಆಕಾಶ. ಮೂರರಾಗೂ ನಮ್ಮ ಎಂಜಿನ್ ಓಡತಾವು."

"ನಮ್ಮ ಎಂಜಿನ್" ಎಂದ, ನೋಡಿ. ಬಸಪ್ಪ "ಹೌದ್ರಿ? ಹೌದ್ರಿ?" ಎಂದು ಉಪ್ಪಿಟ್ಟು ಬಡಿಸುತ್ತಲೇ ಇದ್ದ.

"ಆಕಿ ಏನ ಬರದ್ಲು?" ಎಂದೆ ನಾನು.

"ಯಾರ್ರಿ ಆಯಿ?"

"ಆ ಸಾಹೇಬನ ಹೆಂಡ್ತಿ. ಕಾರ್ಡ್ ಓದಿ ತಿರಗಿ ಏನ ಬರದ್ಲು?"

"ಅದು ಯಾರಿಗ್ಗೊತ್ರಿ? ಅದನ್ನ ಯಾರ ಇಟಗೊಂಡಾರು?"

"ಅಂದ್ರ ಚಿಕ್ಕಿ ಇಟಗೊಂಡ್ರು, ಆಕಿ ಮಾತು ಒಗದ್ರು."

ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿರಿಜಾಗೆ ಅಷ್ಟು ಸಾಕಾಯಿತು. ಗಂಡಿನ ಕಡೆ ನೇರ ನೋಡಿ, "ನಂದೂ ಒಂದು ಮಾತೈತ್ರಿ. ಮದುವಿ ಆದಮ್ಯಾಲೂ ನಾ ನೌಕರಿ ಬಿಡಂಗಿಲ್ಲ. ನೀವೇನಂತೀರಿ?" ಎಂದಳು.

ಗಂಡು ಚಹಾ ಊದಿದ. ಮಾವನ ಮುಖ ನೋಡಿದ. ಮತ್ತೆ ಊದಿದ. ಅಷ್ಟು ಹೊತ್ತಿಗೆ ಅದು ಶರಬತ್ತಾಗಿರಬೇಕು. ಕೊನೆಗೆ ಮಾವನೇ ಹೇಳಿದ: "ಇಂಥಾ ಕಾರಿದ್ದ ಮನಿ ಸೊಸಿ ಬಸ್ಸಿನ್ಯಾಗ ಜೋತಾಡೋದು ಚೆಂದ ಕಾಣತೈತೇನವಾ?"

ಬಸಪ್ಪ ಮಗಳನ್ನು ಕಣ್ಣಲ್ಲೇ ಹೆದರಿಸಿ, "ಆಕಿಗೆ ನಾ ತಿಳಿಸಿ ಹೇಳತೇನ್ರಿ. ಸೋಮವಾರ ಬರ್ರಿ, ಸಕ್ಕರಿ ಹಂಚೂಣು," ಎಂದುಬಿಟ್ಟ. ಮದುವೆ ಗಟ್ಟಿಯಾದಂತೆಯೇ.

ಅಂದು ಕಬ್ಬಿಗೆ ನೀರು ಬಿಡುವ ಪಾಳಿ ನಮ್ಮದು. ಕಾಲುವೆಯ ನೀರು ಮನೆಯ ಮುಂದಿನ ದಾರಿಗೆ ಹರಿದು ರಾಡಿಯಾಗಿತ್ತು. ಬಂದವರು ಹೊರಟರು. ನೆಲ, ನೀರು ಎರಡನ್ನೂ ಗೆದ್ದ ಕಾರು, ಎರಡೂ ಕಲಸಿದ ಕಡೆ ಹೂತು ಕುಳಿತಿತು. ಆಕಾಶಕ್ಕಾದರೂ ಹಾರೀತೆಂದು ಸ್ವಲ್ಪ ಹೊತ್ತು ನೋಡಿದೆ. ಹಾರಲಿಲ್ಲ.

ಬಿಳಿ ಪ್ಯಾಂಟು ಕೆಟ್ಟೀತೆಂದು ಗಂಡು ಕಾರಿನೊಳಗೇ ಕುಳಿತ. ಮಾವ ಕಟ್ಟೆಯ ಮೇಲೆ ನಿಂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ಬಸಪ್ಪ ಎತ್ತು ತಂದ. ಹಗ್ಗ ಕಟ್ಟಲು ನಾನು ಬಗ್ಗಿದೆ. ಹುಟ್ಟಿದಾಗಿನಿಂದ ದನದ ಜೊತೆ ಬದುಕಿದವಳು ನಾನು. ಮುಂದೆ, ತಲೆಯ ಮೇಲೆ ಎದ್ದು ನಿಂತದ್ದು ಕೊಂಬು. ಹಗ್ಗ ಬೀಳುವುದು ಕೊಂಬಿಗೆ. ಚಿಕ್ಕಿಯ ಕಾಲಿಗೆ ಸುತ್ತು ಹಾಕಿ ಬಿಗಿದು, "ಹೊಡಿ" ಎಂದೆ.

ಟಕ್ಕೆಂದಿತು. ಎತ್ತು ಮುಂದೆ ಹೋದವು, ಕಾರು ಅಲ್ಲೇ ಉಳಿಯಿತು. ನಾನು ಕಟ್ಟಿದ ಗಂಟು ಬಿಚ್ಚುವುದಿಲ್ಲ. ಚಿಕ್ಕಿಯ ಕಾಲು ಗಂಟಿನಲ್ಲೇ ಇತ್ತು, ಚಿಕ್ಕಿ ಮಾತ್ರ ಹಾರಿ ರಾಡಿಯಲ್ಲಿ ಮುಳುಗಿತ್ತು.

ಗಂಡು ಬಾಗಿಲು ತೆರೆದು ರಾಡಿಗೇ ಜಿಗಿದ. "ಅಯ್ಯಯ್ಯ, ಚಿಕ್ಕಿ! ಏ ಮುದುಕಿ, ತಲಿ ಐತೇನ್ ನಿನಗ? ಅದರ ಕಿಮ್ಮತ್ತು ಗೊತ್ತೈತೇನ?" ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿ ಕೆಸರಲ್ಲಿ ಕೈಯಾಡಿಸತೊಡಗಿದ.

ಗಿರಿಜಾ ಹೊಸ್ತಿಲಲ್ಲಿ ನಿಂತಿದ್ದಳು. "ಅಪ್ಪಾ, ಇವರಿಗೂ ಬಾಯಿ ಐತಿ ನೋಡು. ನಾ ಕೇಳಿದಾಗ ಇರಲಿಲ್ಲ, ಚಿಕ್ಕಿ ಹೋದಕೂಡ್ಲೆ ಬಂತು. ನಾ ಒಲ್ಲೆ."

ಬಸಪ್ಪ ಕೆಸರಲ್ಲಿದ್ದವನನ್ನು ನೋಡಿದ, ಬೈಸಿಕೊಂಡ ತಾಯಿಯನ್ನು ನೋಡಿದ. "ಸೋಮವಾರ ಬರಬ್ಯಾಡ್ರಿ," ಎಂದ ಮಾವನಿಗೆ. ಆಮೇಲೆ ಹಗ್ಗವನ್ನು ಕಾರಿನ ಹೊಟ್ಟೆಯ ಕೆಳಗೆ ಕಟ್ಟಿ ಎಳೆದು ಹೊರಗೆ ಹಾಕಿದ. ಹುಡುಕಿ ಹುಡುಕಿ ಚಿಕ್ಕಿ ಸಿಗದೆ, ಬೋಳು ಮೂತಿಯ ಕಾರು ಹತ್ತರಗಿಯ ದಾರಿ ಹಿಡಿಯಿತು.

ಆಟೋದವನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. "ಹಂಗಾರ ನಂದೂ ಕಿತ್ತ ಒಗೀಲೇನ ಆಯಿ?" ಎಂದ. ನೋಡಿದೆ. ಇಷ್ಟು ವರ್ಷ ಆ ಚಿಕ್ಕಿಯನ್ನೇ ಬೈದುಕೊಂಡು ಬಂದಿದ್ದೆ. ಪಾಪ, ಅದೇನು ಮಾಡಿತ್ತು? "ಇರಲಿ ಬಿಡಪಾ. ನಿಂದು ಯಾರ ಬಾಯೂ ಮುಚ್ಚಿಲ್ಲ," ಎಂದು ಅವನ ಆಟೋದಲ್ಲೇ ದವಾಖಾನೆಗೆ ಹೋದೆ. ಗಿರಿಜಾ ಈಗಲೂ ಅಲ್ಲೇ ಇದ್ದಾಳೆ.

ಒಂದು ಮಾತು ಉಳಿಯಿತು. ಅಂದು ಆ ಕಾರು ಹೋದ ಮರುದಿನ ಬೆಳಿಗ್ಗೆ ಸೆಗಣಿ ಬಳಿಯಲು ಹೋದಾಗ ಎತ್ತಿನ ಹೆಜ್ಜೆಯ ಗುಂಡಿಯಲ್ಲಿ ಚಿಕ್ಕಿ ಸಿಕ್ಕಿತು. ಬೂದಿ ಹಾಕಿ ತಿಕ್ಕಿ ತೊಳೆದು, ಹಳೆಯ ಕುಪ್ಪಸದ ಅರಿವೆಯಲ್ಲಿ ಕಟ್ಟಿ, ಗಿರಿಜಾಳ ರೊಟ್ಟಿಯ ಬುತ್ತಿಯ ಜೊತೆ ಬಸ್ಸಿಗೆ ಒಯ್ದೆ. "ಇದನ್ನ ಹತ್ತರಗಿ ಬಸ್ಸಿನವರ ಕೈಯಾಗ ಕೊಡಪಾ, ಪೆಟ್ರೋಲ್ ಬಂಕಿಗೆ ಮುಟ್ಟಸಲಿ," ಎಂದೆ ಕಂಡಕ್ಟರನಿಗೆ. ಗಿರಿಜಾಗೆ ಕಿಟಕಿಯ ಸೀಟು ಸಿಕ್ಕಿತು. ಚಿಕ್ಕಿಯನ್ನು ಅವನು ಡ್ರೈವರನ ಕಾಲ ಬಳಿ ಇಟ್ಟ.