ಬ್ರೇಕಮ್ಮನ ಎಡಗೆನ್ನೆ

ಅವಳಿಗೆ ‘ಬ್ರೇಕಮ್ಮ’ ಅಂತ ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಡ್ರೈವಿಂಗ್ ಸ್ಕೂಲಿಗೆ ಕಾರು ಕಲಿಯಲು ಬಂದವರೆಲ್ಲ ಮೊದಲ ದಿನವೇ ಅವಳ ಬಾಯಿಂದ “ಬ್ರೇಕು, ಬ್ರೇಕೂ!” ಎಂಬ ಕೂಗು ಕೇಳಿಸಿಕೊಂಡೇ ಮನೆಗೆ ಹೋಗುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂರುವ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಆದರೂ ತಾನು ಒತ್ತುವ ಮೊದಲು ಕಲಿಯುವವರೇ ಒತ್ತಲಿ ಎಂಬುದು ಅವಳ ಹಟ. ಎಂಥ ಪುಕ್ಕಲನನ್ನೂ ಸಂತೆಯಂಥ ರಸ್ತೆಯಲ್ಲಿ ನುಗ್ಗಿಸಿ, ಆಚೆ ದಾಟಿಸಿ, ಬೆನ್ನು ತಟ್ಟಿ ಕಳಿಸುತ್ತಿದ್ದಳು.

ಆ ಸೀಟು ಅವಳಿಗೆ ಇನ್ನೊಂದು ಕಾರಣಕ್ಕೂ ಇಷ್ಟ. ಕಲಿಯುವವರಿಗೆ ಅಲ್ಲಿಂದ ಅವಳ ಬಲಗೆನ್ನೆ ಮಾತ್ರ ಕಾಣುತ್ತಿತ್ತು. ಎಡಗೆನ್ನೆ ಕಿಟಕಿಯ ಕಡೆಗೆ. ಆ ಎಡಗೆನ್ನೆಯ ಮೇಲೆ, ಕಣ್ಣಿನ ಸುತ್ತ, ಹುಟ್ಟಿನಿಂದಲೂ ಒಂದು ನೀಲಿಗಪ್ಪು ಕಲೆ. ಹಣೆಯ ಅಂಚಿನಿಂದ ದವಡೆಯವರೆಗೆ ಶಾಯಿ ಚೆಲ್ಲಿದಂತೆ ಹರಡಿತ್ತು. ಕಣ್ಣಿನ ಬಿಳಿಯೊಳಗೂ ಒಂದು ನೀಲಿ ಮಚ್ಚೆ. ನೋಡಿದವರಿಗೆಲ್ಲ ಒಂದೇ ಅನುಮಾನ: ಯಾರೋ ಮುಷ್ಟಿ ಕಟ್ಟಿ ಗುದ್ದಿದ್ದಾರೆ.

ಆ ‘ಯಾರೋ’ ಎಂಬ ಪಟ್ಟ ಬಂದಿದ್ದು ಅವಳ ಗಂಡನಿಗೆ. ಆತ ಪ್ಯಾಂಟು ಹೊಲಿಯುವ ದರ್ಜಿ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಊಟಕ್ಕೆ ಕೂರುವಂಥ ಸಾಧು ಪ್ರಾಣಿ. ಇರುವೆಯ ಮೇಲೂ ಕಾಲಿಡದ ಮನುಷ್ಯನನ್ನು ಬೀದಿಯ ಹೆಂಗಸರೆಲ್ಲ ನುಂಗುವಂತೆ ನೋಡುತ್ತಿದ್ದರು. ಕೆಳಮನೆಯ ಅಜ್ಜಿಯಂತೂ ಮೆಟ್ಟಿಲ ಬುಡದಲ್ಲೇ ಹಿಡಿದು ನಿಲ್ಲಿಸುತ್ತಿದ್ದಳು.

“ಕೈ ಮಾಡೋ ಗಂಡಸಿಗೆ ಒಳ್ಳೇದಾಗಲ್ಲ ಕಣಪ್ಪ.”

“ನಾನು ಕೈ ಮಾಡಿದ್ರೆ ಅವಳು ಸುಮ್ನೆ ಬಿಡ್ತಾಳಾ ಅಜ್ಜಿ? ಅವಳ ತೋಳು ನೋಡಿದ್ದೀರಾ?” ಎಂದು ನಕ್ಕು ಆತ ಮೇಲೆ ಹತ್ತುತ್ತಿದ್ದ.

ಆದರೆ ಒಂದು ಭಾನುವಾರ ಆ ನಗು ನಿಂತುಹೋಯಿತು. ಚಪ್ಪಲಿ ಅಂಗಡಿಯಲ್ಲಿ ಗುರುತು ಪರಿಚಯವಿಲ್ಲದ ಗಂಡಸೊಬ್ಬ ಅವಳ ಮುಖ ನೋಡಿದ, ನೆಟ್ಟಗೆ ಬಂದು ಗಂಡನ ಕೊರಳಪಟ್ಟಿ ಹಿಡಿದ. ಅವಳು ನಡುವೆ ಬಿದ್ದು ಬಿಡಿಸಿ, ಇದು ಹುಟ್ಟುಗುರುತು ಅಂತ ಹೇಳುವ ಹೊತ್ತಿಗೆ ಅರ್ಧ ಬೀದಿಯೇ ಸೇರಿತ್ತು. ಮನೆಗೆ ಬಂದ ಮೇಲೆ ಗಂಡ ಕಿತ್ತುಬಂದ ಗುಂಡಿಯನ್ನು ತಾನೇ ಹೊಲಿದುಕೊಂಡ. ಅದೇ ವಾರ ಸ್ಕೂಲಿನ ಮಾಲೀಕರು ರಸ್ತೆ ನಿಯಮಗಳ ಪಾಠವನ್ನು ಮತ್ತೆ ಬೇರೆಯವರಿಗೆ ಕೊಟ್ಟರು. ಎಲ್ಲರ ಎದುರು ನಿಂತು ಆ ಪಾಠ ಹೇಳಬೇಕೆಂಬುದು ಅವಳ ಬಹುದಿನದ ಆಸೆ.

“ಜನ ಮುಖ ನೋಡಿ ಏನೇನೋ ಕೇಳ್ತಾರಮ್ಮ. ನಿಮಗೇ ಮುಜುಗರ,” ಎಂದರು ಮಾಲೀಕರು.

ಮುಜುಗರ ಯಾರಿಗೆ ಎಂಬುದು ಅವಳಿಗೆ ಗೊತ್ತಿತ್ತು. ಮಾರನೆಯ ದಿನವೇ ಚರ್ಮದ ಡಾಕ್ಟರಮ್ಮನ ಮುಂದೆ ಹೋಗಿ ಕುಳಿತಳು.

ಮದುವೆಗೆ ಮುಂಚೆ ಬ್ಯೂಟಿ ಪಾರ್ಲರಿನವರು ಕೊಟ್ಟ ಕ್ರೀಮು ಹಚ್ಚಿ ಕೆನ್ನೆ ಸುಲಿದುಕೊಂಡ ಕಥೆಯನ್ನೂ ಹೇಳಿದಳು. ಡಾಕ್ಟರಮ್ಮ ದೀಪ ಹಿಡಿದು ನೋಡಿದರು.

“ಇದು ರೋಗ ಅಲ್ಲ, ಕೊಳೆನೂ ಅಲ್ಲ. ಬಣ್ಣ ಮೇಲಿಲ್ಲ, ಚರ್ಮದ ಒಳಪದರದಲ್ಲಿ ಕೂತಿದೆ. ಕ್ರೀಮಿಗೆ ಅಲ್ಲಿಗೆ ದಾರಿನೇ ಇಲ್ಲ.”

“ಲೇಸರ್‌ಗೆ ಇದ್ಯಾ?”

“ಇದೆ. ಆ ಬೆಳಕು ಬಣ್ಣನ ಪುಡಿ ಮಾಡುತ್ತೆ. ಪುಡಿನ ನಿಮ್ಮ ಮೈಯೇ ನಿಧಾನಕ್ಕೆ ಸಾಗಹಾಕ್ಬೇಕು. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಬರ್ಬೇಕು. ಎರಡು ವರ್ಷಾನೂ ಹಿಡೀಬಹುದು. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಕಣ್ಣೊಳಗಿನ ಮಚ್ಚೆನಂತೂ ಮುಟ್ಟೋದೇ ಇಲ್ಲ.”

“ಅದು ನನ್ನ ಹತ್ರಾನೇ ಇರ್ಲಿ ಬಿಡಿ,” ಎಂದಳು. ಪೂರ್ತಿ ಹೋಗುತ್ತೆ ಅಂತ ಹೇಳದೆ ಇದ್ದದ್ದಕ್ಕೇ ಅವಳಿಗೆ ಆ ಡಾಕ್ಟರಮ್ಮನ ಮೇಲೆ ನಂಬಿಕೆ ಹುಟ್ಟಿತು.

ಮೊದಲ ದಿನ ಮರಗಟ್ಟಿಸುವ ಮುಲಾಮು ಹಚ್ಚಿ, ಕಣ್ಣಿಗೆ ಮುಚ್ಚಳ ಹಾಕಿ ಮಲಗಿಸಿದರು. ಟಪ್, ಟಪ್, ಟಪ್. ಎಳೆದ ರಬ್ಬರ್ ಬ್ಯಾಂಡನ್ನು ಕೆನ್ನೆಗೆ ಬಿಟ್ಟ ಹಾಗೆ ಒಂದೊಂದೇ ಚುರುಕು. ಮುಲಾಮು ಹಚ್ಚಿದ್ದರೂ ಜೀವ ಬಾಯಿಗೆ ಬಂತು. ಅವಳ ಬಲಗಾಲು ತಾನಾಗಿಯೇ ಹಾಸಿಗೆಯ ಅಂಚನ್ನು ಒತ್ತತೊಡಗಿತು.

“ಯಾಕಮ್ಮ ಒದೀತಿದ್ದೀರಿ?”

“ಬ್ರೇಕ್ ಹಾಕ್ತಿದ್ದೀನಿ ಡಾಕ್ಟ್ರೇ. ನಿಮ್ಮ ಗಾಡಿ ನಿಲ್ತಾನೇ ಇಲ್ಲ!”

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರಮ್ಮನೂ ಒಂದು ಗಳಿಗೆ ಯಂತ್ರ ಕೆಳಗಿಟ್ಟು ನಕ್ಕು ಮುಂದುವರಿಸಿದರು.

ಮಾರನೆಯ ದಿನ ಕನ್ನಡಿ ನೋಡಿ ಅವಳ ಎದೆ ಝಲ್ಲೆಂದಿತು. ಕೆನ್ನೆ ಊದಿತ್ತು, ಕಲೆಯ ಮೇಲೆ ಕಪ್ಪು ಹಕ್ಕಳೆ ಕಟ್ಟಿತ್ತು. ಹೀಗಾಗುತ್ತೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು, ಆದರೆ ಕೆಳಮನೆಯ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಆ ವಾರವೆಲ್ಲ ಗಂಡ ಹಿಂಬಾಗಿಲಿನಿಂದ ಓಡಾಡಿದ.

ಹಕ್ಕಳೆ ಉದುರಿದ ಮೇಲೆ ಬಂದದ್ದು ಬಿಸಿಲಿನ ಕಾಟ. ಕೆನ್ನೆಗೆ ಬಿಸಿಲು ಬಿದ್ದರೆ ಮಾಡಿದ್ದೆಲ್ಲ ಹಾಳು, ಅವಳ ಕೆಲಸವೋ ಕಿಟಕಿ ಪಕ್ಕ. ಗಂಡ ಒಂದು ರಾತ್ರಿ ಕೂತು ಟೋಪಿಯೊಂದನ್ನು ಹೊಲಿದ. ಬಲಗಡೆ ಸಾಧಾರಣ ಅಂಚು, ಎಡಗಡೆ ಮೊರದಷ್ಟು ಅಗಲ. ಅದನ್ನು ಹಾಕಿಕೊಂಡು, ಕೆನ್ನೆಗೆ ಸನ್‌ಸ್ಕ್ರೀನ್ ಮೆತ್ತಿಕೊಂಡು ಕಾರು ಹತ್ತಿದರೆ ಕಲಿಯುವವರು ರಸ್ತೆ ಬಿಟ್ಟು ಟೋಪಿಯನ್ನೇ ನೋಡುತ್ತಿದ್ದರು. “ನನ್ನ ತಲೆ ಮೇಲೆ ಸಿಗ್ನಲ್ ಇಲ್ಲ, ಮುಂದೆ ನೋಡಿ!” ಎಂದು ಗದರುತ್ತಿದ್ದಳು.

ಮೂರನೆಯ ಸಲವೂ ಮುಗಿಯಿತು. ಕನ್ನಡಿಯಲ್ಲಿ ಅದೇ ಕಲೆ, ಅದೇ ನೀಲಿ. ಅವಳ ತಾಳ್ಮೆ ಕಿತ್ತುಹೋಯಿತು.

“ಸಾಕು ಕಣ್ರೀ. ಇನ್ನು ನನ್ನ ಕೈಲಾಗಲ್ಲ. ಇದು ನನ್ನ ಜೊತೆ ಬಂದಿದೆ, ನನ್ನ ಜೊತೆನೇ ಹೋಗ್ಲಿ.”

ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ನಿಂಗೆ ಬೇಡ ಅನ್ಸಿದ್ರೆ ನಿಲ್ಸು. ನನಗೋಸ್ಕರ ಮಾತ್ರ ಹೋಗ್ಬೇಡ. ಆದ್ರೆ ಬೇಕು ಅಂತ ಇದ್ದೂ ಅರ್ಧಕ್ಕೇ ನಿಲ್ಸೋದಾ ಹೇಳು. ನಾನೇನು ಒಂದೇ ಕಾಲು ಹೊಲಿದು ಗಿರಾಕಿಗೆ ಪ್ಯಾಂಟು ಕೊಟ್ಟುಬಿಡ್ತೀನಾ?”

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ನಾಲ್ಕನೆಯ ಸಲಕ್ಕೆ ಹೋದಳು. ಆ ದಿನ ಡಾಕ್ಟರಮ್ಮ ಮೊದಲ ದಿನ ತೆಗೆದ ಫೋಟೋವನ್ನು ಕಂಪ್ಯೂಟರಿನ ಪರದೆಯ ಮೇಲೆ ತಂದು, ಪಕ್ಕದಲ್ಲೇ ಆಗತಾನೇ ತೆಗೆದದ್ದನ್ನೂ ಇಟ್ಟರು. ಅವಳು ಕುರ್ಚಿಯಿಂದ ಎದ್ದೇ ನಿಂತಳು. ಹಣೆಯಂಚು ತಿಳಿಯಾಗಿತ್ತು. ದವಡೆಯ ಹತ್ತಿರದ ಶಾಯಿ ತೆಳ್ಳಗೆ ಬೂದು ಬಣ್ಣಕ್ಕೆ ಇಳಿದಿತ್ತು. ದಿನಾ ನೋಡುವ ಕಣ್ಣಿಗೆ ಇದೊಂದೂ ಕಂಡಿರಲಿಲ್ಲ!

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ತಾರೀಕು ತಪ್ಪಿಸಲಿಲ್ಲ, ಟೋಪಿ ಬಿಡಲಿಲ್ಲ. ಮುಂದಿನ ವರ್ಷ ಮುಗಿಯುವ ಹೊತ್ತಿಗೆ ಕೆನ್ನೆಯ ಮೇಲೆ ಉಳಿದದ್ದು ಹತ್ತಿರದಿಂದ ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುವ ಮಾಸಲು ನೆರಳು. ಕೆಳಮನೆಯ ಅಜ್ಜಿ ಒಂದು ಬೆಳಿಗ್ಗೆ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಹಿಂದೆ ಬರುತ್ತಿದ್ದ ಗಂಡನ ಕಡೆ ತಿರುಗಿ ತೃಪ್ತಿಯಿಂದ ತಲೆಯಾಡಿಸಿದಳು.

“ಕೊನೆಗೂ ನಿಂಗೆ ಬುದ್ಧಿ ಬಂತಲ್ಲಪ್ಪ!”

ಗಂಡ ಹೆಂಡತಿ ಇಬ್ಬರೂ ಬೀದಿ ತಿರುವಿನವರೆಗೆ ತಡೆದುಕೊಂಡು, ಅಲ್ಲಿ ಗೋಡೆ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆ ದಿನವೇ ಅವಳು ಮಾಲೀಕರ ಮೇಜಿನ ಮುಂದೆ ನಿಂತಳು. “ಈ ಸಲದ ಪಾಠ ನಾನು ತಗೋತೀನಿ ಸರ್.” ಮಾಲೀಕರು ಅವಳ ಮುಖ ನೋಡಿದರು, ಕಣ್ಣಿನ ನೀಲಿ ಮಚ್ಚೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು. “ನಾನು ಕೇಳ್ತಾ ಇಲ್ಲ ಸರ್, ಹೇಳ್ತಾ ಇದ್ದೀನಿ,” ಎಂದಳು. ತೆರೆದ ಬಾಯಿ ಮುಚ್ಚಿತು.

ಕೋಣೆಯ ತುಂಬ ಜನ. ಟ್ಯೂಬ್‌ಲೈಟಿನ ಬೆಳಕು ನೆತ್ತಿಯ ಮೇಲೆ, ಎರಡೂ ಬದಿಗೆ ಕಿಟಕಿ. ಯಾವ ಕಡೆ ತಿರುಗಿದರೂ ಯಾರಾದರೂ ಅವಳ ಎಡಗೆನ್ನೆ ನೋಡುವವರೇ. ಸೀಮೆಸುಣ್ಣ ಕೈಗೆತ್ತಿಕೊಂಡು ಶುರು ಮಾಡಿದಳು. ರಸ್ತೆ ಗುರುತುಗಳನ್ನು ಹೇಳುತ್ತ ಹೇಳುತ್ತ ಮಾತು ಓಡತೊಡಗಿತು. ನಡುವೆ ಮುಂದಿನ ಸಾಲಿನ ಹೆಂಗಸೊಬ್ಬಳು ಅವಳ ಮುಖವನ್ನೇ ದಿಟ್ಟಿಸುತ್ತ ನಿಧಾನಕ್ಕೆ ಕೈ ಎತ್ತಿದಳು. ಬ್ರೇಕಮ್ಮ ಮಾತು ನಿಲ್ಲಿಸಿದಳು. ಬಂತು ಆ ಪ್ರಶ್ನೆ, ಅಂದುಕೊಂಡಳು.

“ಮೇಡಂ, ರಿವರ್ಸ್ ತೆಗೆಯುವಾಗ ಸ್ಟೀರಿಂಗ್ ಯಾವ ಕಡೆ ತಿರುಗಿಸ್ಬೇಕು? ನಂಗೆ ಪ್ರತಿ ಸಲ ಉಲ್ಟಾ ಆಗುತ್ತೆ.”

ಬ್ರೇಕಮ್ಮ ಜೋರಾಗಿ ನಕ್ಕುಬಿಟ್ಟಳು. ಯಾಕೆಂದು ಯಾರಿಗೂ ತಿಳಿಯದಿದ್ದರೂ ಕೋಣೆಗೆ ಕೋಣೆಯೇ ನಕ್ಕಿತು. ಆಮೇಲೆ ಕುರ್ಚಿಯೊಂದನ್ನು ಎಳೆದು ಕಾರು ಮಾಡಿಕೊಂಡು, ಕತ್ತು ಹಿಂದೆ ತಿರುಗಿಸಿ, ಆ ಹೆಂಗಸಿನ ತಲೆಗೆ ಹತ್ತುವವರೆಗೂ ಹೇಳಿಕೊಟ್ಟಳು.

“ಮುಂದಿನ ವಾರಾನೂ ನೀವೇ ಮಾಡಿ,” ಎಂದರು ಬಾಗಿಲಲ್ಲಿ ನಿಂತಿದ್ದ ಮಾಲೀಕರು.

“ಮುಂದಿನ ವಾರ ಅಲ್ಲ ಸರ್, ಇನ್ಮೇಲೆ,” ಎಂದಳು.

ಸಂಜೆ ನೇರ ಗಂಡನ ಅಂಗಡಿಗೆ ಹೋಗಿ, ಕತ್ತರಿಸಿಟ್ಟ ಬಟ್ಟೆಗಳ ನಡುವೆ ನಿಂತು ಇಡೀ ಪಾಠವನ್ನು ಇನ್ನೊಮ್ಮೆ ಮಾಡಿ ತೋರಿಸಿದಳು. ಮಾಲೀಕರ ಮುಖವನ್ನೂ, ರಿವರ್ಸಿನ ಹೆಂಗಸನ್ನೂ ಬಿಡಲಿಲ್ಲ. ಅಳತೆ ಕೊಡಲು ಬಂದ ಗಿರಾಕಿ ಕೈ ಎತ್ತಿಕೊಂಡು ನಿಂತವನು ನಿಂತೇ ಇದ್ದ, ದರ್ಜಿ ಟೇಪು ಹಿಡಿದವನು ಹಿಡಿದೇ ಇದ್ದ. ಅವಳ ಮಾತು ಮುಗಿಯುವವರೆಗೂ ಆ ಪ್ಯಾಂಟಿನ ಸೊಂಟ ಎಷ್ಟೆಂದು ಯಾರಿಗೂ ಗೊತ್ತಾಗಲಿಲ್ಲ.