ಗುಬ್ಬಿ ಓಡಿಸಲು ಬಂದ ಪಿಯಾನೊ

ಆಗ ಹೊಸಪೇಟೆಯಲ್ಲಿ ಬಟ್ಟೆ ಒಗೆದ ನೀರೂ ಕೆಂಪಗಿರುತ್ತಿತ್ತು. ಸಂಡೂರಿನಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲ. ಅಪ್ಪನೂ ಲಾರಿ ಓಡಿಸುತ್ತಿದ್ದ. ದೇವರು ಕಣ್ಣು ಬಿಟ್ಟಿದ್ದ. ಮನೆಗೆ ಹೊಸ ಟಿವಿ, ಸೀಡಿ ಪ್ಲೇಯರ್ ಬಂದಿದ್ದವು. ನಾವು ಮಕ್ಕಳು ಓಣಿಯ ಧೂಳಿನಲ್ಲಿ ಕುಂಟೆಬಿಲ್ಲೆ ಆಡಿ, ಪಾದವೆಲ್ಲ ಕುಂಕುಮ ಮಾಡಿಕೊಂಡು ಒಳಗೆ ಬರುತ್ತಿದ್ದೆವು.

ಒಂದು ಸಂಜೆ ಅಪ್ಪ ಚೀಲದ ತುಂಬ ಸೀಡಿ ತಂದ. ಹಂಪಿಯ ಗೆಸ್ಟ್ ಹೌಸಿನಲ್ಲಿ ಯಾರೋ ಪರದೇಶದವರು ಬಿಟ್ಟುಹೋದವು. ನಮ್ಮ ಹಳ್ಳಿ ಮೆಟ್ರಿಯಲ್ಲಿ ದೊಡ್ಡಪ್ಪನ ಭತ್ತದ ತೆನೆ ಹಾಲುಗಟ್ಟಿತ್ತು. ಹಳೆಯ ಸೀಡಿಗಳನ್ನು ದಾರಕ್ಕೆ ಪೋಣಿಸಿ ಗದ್ದೆಯಲ್ಲಿ ಕಟ್ಟಿದರೆ, ಬಿಸಿಲಿಗೆ ಅವು ಹೊಳೆಯುವುದಕ್ಕೆ ಹೆದರಿ ಗುಬ್ಬಿಗಳು ಹತ್ತಿರ ಬರುವುದಿಲ್ಲ ಎನ್ನುತ್ತಿದ್ದರು. ಬೆಳಿಗ್ಗೆ ದೊಡ್ಡಪ್ಪ ಬಂದು ಒಯ್ಯುವುದೆಂದು ಮಾತಾಯಿತು.

ನಾನು ಸುಮ್ಮನಿರದೆ ಒಂದನ್ನು ಹಾಕಿದೆ. ಪಿಯಾನೊ. ಹಾಡುವವರಿಲ್ಲ, ತಬಲಾ ಇಲ್ಲ. ಮೊದಲು ಹನಿಹನಿಯಾಗಿ, ಆಮೇಲೆ ಡ್ಯಾಮಿನ ಗೇಟು ತೆಗೆದ ಹಾಗೆ. ನನ್ನ ಮೈ ಜುಂ ಎಂದಿತು. ದೇವರ ದೀಪ ಹಚ್ಚುತ್ತಿದ್ದ ಅಜ್ಜಿ ಬತ್ತಿ ಹಿಡಿದುಕೊಂಡೇ ನಿಂತಳು.

ಕಾಲೇಜಿಗೆ ಹೋಗುತ್ತಿದ್ದ ಅಕ್ಕ ಸೀಡಿ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ಓದಿ ಹೇಳಿದಳು: "ಇವನ್ನ ಬರದೋರು ಬದುಕಿದ್ದಾಗ ಭಾಳ ಹೆಸರು ಮಾಡಿದ್ರಂತ. ಸತ್ತ ಮ್ಯಾಲ ನೂರು ವರ್ಷ ಯಾರೂ ನುಡಿಸಲಿಲ್ಲಂತ."

"ಪಾಪ," ಅಂದಳು ಅಜ್ಜಿ. "ನಾವಾದ್ರೂ ಕೇಳೋಣು ಬಿಡು."

"ನಾಳೆ ದೊಡ್ಡಪ್ಪ ಒಯ್ತಾನಲ್ಲಜ್ಜಿ," ಎಂದು ಅಳುಮೋರೆ ಮಾಡಿದೆ.

"ಇದನ್ನ ಹೆಂಗ ಒಯ್ತಾನ? ದೀಪದ ಮುಂದ ನುಡಿದೈತಿ. ದೇವರಿಗೆ ಮುಟ್ಟಿದ್ದನ್ನ ಗದ್ದ್ಯಾಗ ನೇತು ಹಾಕ್ತಾರೇನು?"

"ಉಳಿದವು?"

"ಅವು ಇನ್ನ ನುಡಿದಿಲ್ಲಲ್ಲ," ಎಂದು ಅಜ್ಜಿ ನನ್ನ ಮುಖ ನೋಡಿದಳು.

ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ದೇವರ ಮುಂದೆ ಕೂತೆ. ಒಂದು ಹಾಕುವುದು, ಒಂದಿಷ್ಟು ನುಡಿಸುವುದು, ತೆಗೆದು ಇನ್ನೊಂದು. ಚೀಲ ಅರ್ಧ ಆಗಿರಲಿಲ್ಲ, ಹೊರಗೆ ದೊಡ್ಡಪ್ಪನ ಬೈಕಿನ ಸದ್ದು. ಅಜ್ಜಿ ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಮಗನನ್ನು ಪಡಸಾಲೆಯಲ್ಲೇ ಕೂರಿಸಿದಳು.

"ಸಾಕಬೇ ಯವ್ವಾ, ಬಿಸಲೇರತೈತಿ."

"ಮಿರ್ಚಿ ಇನ್ನ ಎಣ್ಣ್ಯಾಗ ಅದಾವ. ಕುಂದ್ರು."

ಮಿರ್ಚಿ ಆಯಿತು, ಚಹಾ ಆಯಿತು, ಮತ್ತೊಮ್ಮೆ ಚಹಾ ಆಯಿತು. ಒಳಗೆ ಕೊನೆಯ ಸೀಡಿ ನುಡಿಯಿತು. ವಿಷಯ ತಿಳಿದು ದೊಡ್ಡಪ್ಪ ಹಣೆ ಬಡಿದುಕೊಂಡ.

"ಪೂಜಿ ಆಗೇತಿ ಅಂತ ಗುಬ್ಬಿಗೇನು ಗೊತ್ತಬೇ?"

"ಗುಬ್ಬಿಗೆ ಗೊತ್ತಿಲ್ಲ. ನಿನಗ ಗೊತ್ತಾತಲ್ಲ."

ಅವನು ನಗುತ್ತ ಅಜ್ಜಿಯ ಹಳೆಯ ಸೀರೆಯೊಂದನ್ನು ಒಯ್ದು, ಹರಿದು ಗದ್ದೆಗೆ ಕಟ್ಟಿದ. ಗುಬ್ಬಿಗಳೂ ತಮ್ಮ ಪಾಲು ತಿಂದವು, ನಮಗೂ ಉಂಡುಮಿಗುವಷ್ಟು ಬಂತು. ಆ ಹಂಗಾಮು ಪೂರ್ತಿ ಎಣ್ಣೆಬತ್ತಿಯ ವಾಸನೆಯೊಳಗೆ ಅಜ್ಜಿ, ನಾನು ಪಿಯಾನೊ ಕೇಳಿದೆವು.

ಆಮೇಲೆ ಲಾರಿಗಳ ಸಾಲು ಕರಗಿತು, ಅಜ್ಜಿ ಶಿವನ ಪಾದ ಸೇರಿದಳು. ಸೀಡಿಗಳು ನನ್ನ ಜೊತೆ ಗಂಡನ ಮನೆಗೆ ಬಂದವು. ಯಾರೂ ಬ್ಯಾಡ ಅನ್ನಲಿಲ್ಲ, ಅದೂ ಒಂದು ಪುಣ್ಯ. ಈಗ ಫೋನಿನಲ್ಲಿ ಕೇಳಿದ್ದೆಲ್ಲ ಸಿಗುತ್ತದೆ. ಅಜ್ಜಿಗೆ ಭಾಳ ಸೇರುತ್ತಿದ್ದ ಒಂದು ರಾಗ ಮಾತ್ರ ನನಗೆ ಎಲ್ಲೂ ಸಿಕ್ಕಿಲ್ಲ, ಅದರ ಸೀಡಿಯೂ ಗೀರು ಬಿದ್ದು ನಡುವೆಯೇ ನಿಂತುಬಿಡುತ್ತದೆ. ಮುಂದಿನದನ್ನು ರೊಟ್ಟಿ ಬಡಿಯುತ್ತ ನಾನೇ ಗುನುಗುತ್ತೇನೆ. ಅದರಲ್ಲಿ ನಿಜವಾದದ್ದೆಷ್ಟು, ನಾನು ಸೇರಿಸಿದ್ದೆಷ್ಟೋ. ಸರಿಯೋ ತಪ್ಪೋ ಹೇಳಬೇಕಾದವಳು ಅಜ್ಜಿ ಒಬ್ಬಳೇ.